ನಂಬರ್ ಬೇಡ, ಸುದ್ದಿ ಇದೆ

ನಮ್ಮೂರಿನಲ್ಲಿ ಯಾರೂ ಮಾತಾಡಿಸದವರ ಕಾಲು ನೆಲ ಬಿಡುತ್ತದೆ. ಹೊರಗಿನವರಿಗೆ ಇದನ್ನು ಹೇಳಿದರೆ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ನಮಗೆ ಅದು ಮಳೆ ಬಂದರೆ ನೆಲ ನೆನೆದಷ್ಟೇ ಸಹಜ. ಎರಡು ಮೂರು ದಿನ ಮಾತಿಲ್ಲದೆ ಕಳೆದರೆ ಹಿಮ್ಮಡಿ ಹಗುರಾಗುತ್ತದೆ, ಚಪ್ಪಲಿಗೂ ನೆಲಕ್ಕೂ ನಡುವೆ ಕಾಗದ ತೂರುವಷ್ಟು ಸಂದು ಬೀಳುತ್ತದೆ. ನೆಲದಿಂದ ಎಷ್ಟು ಬೆರಳು ಏರಿದರು ಎಂಬ ಲೆಕ್ಕ ಶುರುವಾಗುವುದು ಆಮೇಲೆ. ಹೀಗಾಗಿ ಉಪ್ಪು ತರಲು ಅಂಗಡಿಗೆ ಹೋದವರು ಒಂದು ಗಂಟೆ ಕಳೆದು ಬಂದರೂ ಇಲ್ಲಿ ಯಾರೂ ಬೈಯುವುದಿಲ್ಲ. ಗಂಡ ಹೆಂಡತಿ ಜಗಳವಾಡಿದರೆ ನೆರೆಯವರು ಬಿಡಿಸಲು ಓಡುವುದಿಲ್ಲ. ಜಗಳವೂ ಮಾತೇ, ಜಗಳಗಂಟರ ಕಾಲು ಯಾವಾಗಲೂ ನೆಲಕ್ಕೆ ಗಟ್ಟಿ. ‘ಮಾತು ಬೆಳ್ಳಿ, ಮೌನ ಬಂಗಾರ’ ಎಂದು ಹೊಸದಾಗಿ ಬಂದ ಮೇಷ್ಟ್ರೊಬ್ಬರು ಶಾಲೆಯ ಗೋಡೆಯ ಮೇಲೆ ಬರೆಸಿದಾಗ ಊರಿನವರು ಮಾರನೆಯ ದಿನವೇ ಸುಣ್ಣ ಬಳಿದರು. ರೇಡಿಯೋ, ಟೀವಿ ಮಾತು ಲೆಕ್ಕಕ್ಕಿಲ್ಲ. ‘ಊಟ ಆಯ್ತಾ’ ಎಂದು ಕೇಳಿ ಉತ್ತರಕ್ಕೆ ನಿಲ್ಲದೆ ಹೋಗುವವರ ಮಾತೂ ಲೆಕ್ಕಕ್ಕಿಲ್ಲ. ಟೆಲಿಫೋನಿನ ಮಾತು ಮಾತ್ರ ಮೊದಲಿನಿಂದಲೂ ಲೆಕ್ಕಕ್ಕೆ ಬರುತ್ತದೆ, ಮತ್ತು ನನ್ನ ಕಾಲದಲ್ಲಿ ಆ ಟೆಲಿಫೋನಿನ ತಂತಿಯನ್ನು ಮನೆಮನೆಗೆ ಎಳೆದವಳು ನಾನು.

ನನ್ನ ಹೆಸರು ವನಮಾಲಾ. ಊರಿಗೆಲ್ಲ ‘ಲೈನ್ ಮಾಲಿ’. ಕಂಬ ಹತ್ತುವ ಹೆಂಗಸು ಎಂದು ಮೊದಮೊದಲು ನಕ್ಕವರೆಲ್ಲ ಆಮೇಲೆ ತಮ್ಮ ಮನೆಯ ಫೋನು ಸತ್ತಾಗ ನನ್ನ ಬಾಗಿಲಿಗೇ ಬಂದರು. ಎಕ್ಸ್‌ಚೇಂಜ್ ಮುಚ್ಚಿದ ಮೇಲೆ ಮಿಕ್ಸಿಯಿಂದ ಮೊಬೈಲಿನವರೆಗೆ ಎಲ್ಲ ರಿಪೇರಿ ಮಾಡುವ ಅಂಗಡಿ ಇಟ್ಟಿದ್ದೇನೆ. ನನಗೆ ತಾಳ್ಮೆ ಕಡಿಮೆ. ಕೆಟ್ಟಿದ್ದನ್ನು ಕಂಡರೆ ಆಗಲೇ ಬಿಚ್ಚಿ ನೋಡಬೇಕು, ಸರಿಮಾಡಬೇಕು. ಈ ಚಟದಿಂದ ನನಗೆ ಒಳ್ಳೆಯದೂ ಆಗಿದೆ, ಕೆಟ್ಟದ್ದೂ ಆಗಿದೆ.

ನನ್ನನ್ನು ಸಾಕಿದವಳು ಅಕ್ಕ ಅಂಬುಜಾಕ್ಷಿ. ನನಗಿಂತ ಇಪ್ಪತ್ತೆರಡು ವರ್ಷ ದೊಡ್ಡವಳು. ನನ್ನನ್ನು ಹೆತ್ತು ಅಮ್ಮ ತೀರಿಕೊಂಡಳು. ಅಕ್ಕ ಒಂದು ಕೈಯಲ್ಲಿ ನನ್ನ ತೊಟ್ಟಿಲು ತೂಗುತ್ತ ಇನ್ನೊಂದು ಕೈಯಲ್ಲಿ ಎಕ್ಸ್‌ಚೇಂಜಿನ ಕೆಲಸಕ್ಕೆ ಅರ್ಜಿ ಬರೆದಳಂತೆ. ಮೂವತ್ತೊಂದು ವರ್ಷ ಅವಳು ಅಲ್ಲಿ ಆಪರೇಟರ್. ‘ನಂಬರ್ ಹೇಳಿ’ ಎಂದರೆ ಸಾಕು, ಊರಿನವರು ಕೂತಲ್ಲೇ ಸೆಟೆದು ಕೂರುತ್ತಿದ್ದರು. ಆಪರೇಟರ್ ಯಾರ ಜೊತೆಗೂ ಹರಟೆ ಹೊಡೆಯುವಂತಿಲ್ಲ, ಜೋಡಿಸಿದ ಲೈನಿನಲ್ಲಿ ಕಿವಿ ಇಡುವಂತಿಲ್ಲ ಎಂದು ಇಲಾಖೆಯ ನಿಯಮವಿತ್ತು. ದಿನವಿಡೀ ಊರನ್ನೆಲ್ಲ ಮಾತಾಡಿಸಿ ತಾವು ಮಾತಿಲ್ಲದೆ ಕೂರುವ ಆ ಹೆಂಗಸರ ಕಾಲು ಸಂಜೆಯೊಳಗೇ ಏಳುತ್ತಿತ್ತು. ಅದಕ್ಕೇ ಅವರಿಗೆ ಸೀಸದ ಗುಂಡು ಹೊಲಿದ ಸೊಂಟಪಟ್ಟಿಯನ್ನು ಇಲಾಖೆಯೇ ಕೊಡುತ್ತಿತ್ತು. ಅಕ್ಕನ ಪಟ್ಟಿ ನಮ್ಮ ಮನೆಯ ಗೂಟದಲ್ಲಿ ಧೂಳು ತಿನ್ನುತ್ತಿತ್ತು. ಅವಳು ಕಟ್ಟಿಕೊಂಡದ್ದನ್ನು ನಾನು ನೋಡಿಲ್ಲ. ಯಾಕೆ ಎಂದು ಕೇಳಿದವಳೂ ಅಲ್ಲ. ಚಿಕ್ಕವಳಿದ್ದಾಗ ನಾನು ದಿನಾ ಶಾಲೆ ಬಿಟ್ಟ ತಕ್ಷಣ ಅಂಚೆ ಕಚೇರಿಯ ಫೋನಿಗೆ ಓಡಿ ಅವಳಿಗೆ ದಿನದ ವರದಿ ಒಪ್ಪಿಸುತ್ತಿದ್ದೆ. ಒಂಟಿ ಮಗು, ಹೆದರದಿರಲಿ ಎಂದು ಅಕ್ಕ ನಿಯಮ ಮುರಿದು ನನ್ನ ಮಾತು ಕೇಳುತ್ತಾಳೆ ಎಂದುಕೊಂಡಿದ್ದೆ.

ನಾಲ್ಕು ವರ್ಷದ ಹಿಂದೆ ಅಕ್ಕನಿಗೆ ಮರೆವು ಶುರುವಾಯಿತು. ಮೊದಲು ಒಲೆ, ಆಮೇಲೆ ಬೀದಿ, ಆಮೇಲೆ ನಾನು. ಎರಡು ವರ್ಷದ ಹಿಂದೆ ಅವಳನ್ನು ತಗ್ಗಿನ ಮನೆಗೆ ಸೇರಿಸಿದೆ. ಮರೆವಿನವರಿಗಾಗಿ ಪುರಸಭೆ ಕಟ್ಟಿಸಿದ ಮನೆ ಅದು. ಸೂರು ತಗ್ಗು, ಸೂರಿಗೆ ಹತ್ತಿಯ ಹಾಸಿಗೆ ಹೊಡೆದಿದ್ದಾರೆ, ಕುರ್ಚಿಗಳಿಗೆಲ್ಲ ಬಟ್ಟೆಯ ಪಟ್ಟಿ. ಅಕ್ಕನೂ ಸೇರಿ ಆಗ ಅಲ್ಲಿ ಹನ್ನೊಂದು ಜನರಿದ್ದರು. ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಪ್ರತಿ ಗುರುವಾರ ಸಂಜೆ ನಾಲ್ಕೂವರೆಗೆ ಪುರಸಭೆಯ ಅಳತೆಗಾರ ಪುಟ್ಟಹೊನ್ನಯ್ಯ ಬಂದು ಒಬ್ಬೊಬ್ಬರನ್ನೇ ನಿಲ್ಲಿಸಿ ಹಿಮ್ಮಡಿಯ ಕೆಳಗೆ ಬಿದಿರಿನ ಪಟ್ಟಿ ಹಿಡಿಯುತ್ತಿದ್ದ. ಇಪ್ಪತ್ತನಾಲ್ಕು ಬೆರಳು, ಎಂದರೆ ಒಂದು ಮೊಳ ಮುಟ್ಟಿದವರ ಕಾಲಿಗೆ ಕಬ್ಬಿಣದ ಜೋಡು, ನೆಲಕ್ಕೆ ಹಿಡಿದಿಡುವ ಭಾರದ ಚಪ್ಪಲಿ. ಹಿಂದೊಮ್ಮೆ ಒಬ್ಬರು ಅಜ್ಜ ಕಿಟಕಿಯಿಂದ ತೇಲಿಹೋಗಿ ಕೆರೆಯ ಮೇಲೆ ಕಂಡಿದ್ದರಂತೆ, ಅಂದಿನಿಂದ ಈ ಕಾಯಿದೆ. ಜೋಡು ಹಾಕಿಸಿಕೊಂಡವರು ಮತ್ತೆ ನಡೆದದ್ದಿಲ್ಲ. ಮೂಲೆಯಲ್ಲಿ ಕೂರುತ್ತಾರೆ, ಮೂಲೆಯವರನ್ನು ಮಾತಾಡಿಸಲು ಯಾರೂ ಹೋಗುವುದಿಲ್ಲ, ಅಲ್ಲಿಗೆ ಮುಗಿಯಿತು. ನನ್ನ ಅಕ್ಕ ಹದಿನೇಳು ಬೆರಳು ಏರಿದ್ದಳು.

ನಾನೇನು ಅವಳನ್ನು ಬಿಟ್ಟು ಕೂತಿರಲಿಲ್ಲ. ದಿನಾ ಸಂಜೆ ನಾಲ್ಕಕ್ಕೆ ಅಂಗಡಿಯ ಬಾಗಿಲು ಎಳೆದು ಅವಳ ಮುಂದೆ ಹೋಗಿ ಕೂರುತ್ತಿದ್ದೆ. ಕೂತವಳೇ ಅವಳ ಗಲ್ಲ ಹಿಡಿದು, “ಅಕ್ಕಾ, ನಾನು ಯಾರು ಹೇಳು ನೋಡೋಣ” ಎನ್ನುತ್ತಿದ್ದೆ. ಅವಳು ನನ್ನ ಮುಖ ನೋಡುವಳು, ತಪ್ಪು ಮಾಡಿದ ಹುಡುಗಿಯ ಹಾಗೆ ಕಣ್ಣು ತಗ್ಗಿಸುವಳು, ಆಮೇಲೆ ನನ್ನ ಹೆಗಲಾಚೆ ಎಲ್ಲೋ ನೋಡುತ್ತ ಸುಮ್ಮನಾಗುವಳು. ನಾನು ಹೆಸರು ಹೇಳಿಕೊಡುತ್ತಿದ್ದೆ, ನಮ್ಮ ಬೀದಿ, ನಮ್ಮ ಮನೆ, ಎಲ್ಲ ಒಪ್ಪಿಸುತ್ತಿದ್ದೆ. ಮಾರನೆಯ ದಿನ ಮತ್ತೆ ಅದೇ ಪ್ರಶ್ನೆ. ಕೆಟ್ಟ ಲೈನನ್ನು ದಿನಾ ಒಂದೇ ಕಡೆ ಕೆರೆದರೆ ಸರಿಹೋಗುತ್ತದೆಯೇ ಎಂದು ನನಗೆ ಹೊಳೆಯಲಿಲ್ಲ. ಆ ಮನೆಯ ಮೇಲ್ವಿಚಾರಕಿ ಸೆವ್ರಿನ್ ಬಾಯಿ ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು:

“ಬೇಜಾರು ಮಾಡ್ಕೋಬೇಡಿ ಮಾಲಮ್ಮ. ನೀವು ಬರೋ ಮುಂಚೆ ಅಳೆದಿದ್ದೆ, ಹೋದ್ಮೇಲೂ ಅಳೆದೆ. ನೀವು ಬಂದು ಹೋದ್ಮೇಲೇನೇ ಅವರ ಕಾಲು ಜಾಸ್ತಿ ಏಳೋದು.”

ನನಗೆ ಮೈಯೆಲ್ಲ ಉರಿಯಿತು. ಅನ್ನಬಾರದ್ದನ್ನೆಲ್ಲ ಅಂದೆ. ಅವರೂ ಬಿಡಲಿಲ್ಲ. ಅರ್ಧ ಗಂಟೆ ಕೂಗಾಡಿ ಇಬ್ಬರೂ ಗಟ್ಟಿ ಕಾಲೂರಿಕೊಂಡು ಹೊರಗೆ ಬಂದೆವು. ಅವರ ಮಾತನ್ನು ಮಾತ್ರ ನಾನು ನಂಬಲಿಲ್ಲ.

ಅಷ್ಟರಲ್ಲಿ ಪುರಸಭೆ ಹನ್ನೊಂದು ಪರದೆಗಳನ್ನು ತರಿಸಿತು. ತೆಳ್ಳಗೆ, ತಟ್ಟೆಯಗಲ, ಒತ್ತಿದರೆ ಮನೆಯವರ ಮುಖ ಮೂಡಿ ಮಾತಾಡುತ್ತದೆ. ಅದನ್ನು ಜೋಡಿಸುವ ಕೆಲಸ ನನ್ನದು. ನನ್ನ ಸಂಭ್ರಮ ಕೇಳಬೇಡಿ. ಎರಡು ದಿನ ಊಟ ತಿಂಡಿ ಮರೆತು ಒಬ್ಬೊಬ್ಬರ ಮುಂದೆಯೂ ಒಂದೊಂದು ಸ್ಟ್ಯಾಂಡು ನಿಲ್ಲಿಸಿದೆ. ಅಧ್ಯಕ್ಷರು ಬಂದು ರಿಬ್ಬನ್ ಕತ್ತರಿಸಿದರು, ಎಲ್ಲರಿಗೂ ಲಾಡು ಹಂಚಿದರು, ಇನ್ನು ನಮ್ಮೂರಿನಲ್ಲಿ ಯಾರೂ ತೇಲುವುದಿಲ್ಲ ಎಂದು ಭಾಷಣ ಮಾಡಿದರು. ನಾನು ಅಕ್ಕನ ಪರದೆಗೆ ನನ್ನ ಅಂಗಡಿಯಿಂದಲೇ ಮುಖ ಕಾಣಿಸುವಂತೆ ಮಾಡಿಕೊಂಡೆ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಹಳೆಯ ಬಸ್ ಕಂಡಕ್ಟರ್ ದ್ಯಾಮಪ್ಪನವರು ಪರದೆಯಲ್ಲಿ ಮಗಳ ಮುಖ ಕಂಡೊಡನೆ “ಎಲ್ಲಿಗಮ್ಮಾ?” ಎಂದು ಕೇಳಿದರು, ಅವಳು “ಅಪ್ಪಾ, ನಾನು ಯಾರು ಗೊತ್ತಾಯ್ತಾ?” ಎಂದಾಗ ಊರು ಹೇಳದವರಿಗೆ ಟಿಕೆಟ್ ಇಲ್ಲ ಎಂದು ಮುಖ ತಿರುಗಿಸಿದರು. ಜೈಬೂಬಿ ಅಜ್ಜಿ, ಪೆಟ್ಟಿಗೆಯೊಳಗೆ ಸಿಕ್ಕಿಕೊಂಡ ಮೊಮ್ಮಗ ಬಿಸಿಲಿಗೆ ಬಾಡಿದ್ದಾನೆಂದು ಅವನ ಬಾಯಿಗೆ ಒಂದು ಲೋಟ ಮಜ್ಜಿಗೆ ಹೊಯ್ದರು. ಪರದೆ ಚಟ್ ಎಂದು ಸತ್ತಿತು. ಉಳಿದ ಪರದೆಗಳಲ್ಲಿಯೂ ಅದೇ ಪ್ರಶ್ನೆ. ನಾನು ಯಾರು ಅಜ್ಜಿ, ನಾನು ಯಾರು ಮಾವ, ನನ್ನ ಹೆಸರು ಹೇಳಿ ನೋಡೋಣ. ಸಂಜೆಯ ಹೊತ್ತಿಗೆ ಅದು ಪರೀಕ್ಷೆ ನಡೆಯುವ ಶಾಲೆಯಂತಾಯಿತು, ಅದೂ ಎಲ್ಲರೂ ನಪಾಸಾಗುವ ಶಾಲೆ. ಗುರುವಾರ ಪುಟ್ಟಹೊನ್ನಯ್ಯ ಅಳೆದಾಗ ಹನ್ನೊಂದಕ್ಕೆ ಹನ್ನೊಂದು ಜನರೂ ಏರಿದ್ದರು. ಅಕ್ಕ ಇಪ್ಪತ್ತೊಂದು. ಅವನು ತನ್ನ ಚೀಲದಿಂದ ಸಣ್ಣ ಅಳತೆಯ ಕಬ್ಬಿಣದ ಜೋಡೊಂದನ್ನು ತೆಗೆದು ಅಕ್ಕನ ಪಾದದ ಪಕ್ಕ ಹಿಡಿದು ನೋಡಿ, ಮುಂದಿನ ವಾರ ಬೇಕಾಗಬಹುದು ಎಂದು ಹೇಳಿ ಹೋದ. ಕೆಟ್ಟವನಲ್ಲ ಅವನು, ಅವನ ಕೆಲಸ ಅದು. ಆದರೂ ಆ ಜೋಡು ಅಕ್ಕನ ಪಾದಕ್ಕೆ ಸರಿಯಾಗಿ ಕೂರುವುದನ್ನು ನಾನು ಕಂಡೆ.

ಶುಕ್ರವಾರ ಬೆಳಿಗ್ಗೆ ಪರದೆಗಳನ್ನು ಬಿಚ್ಚಲು ಹೋದೆ. ಮುಖ ಎತ್ತಲು ನಾಚಿಕೆಯಾಗಿ ತಲೆ ತಗ್ಗಿಸಿ ಸ್ಕ್ರೂ ತಿರುಗಿಸುತ್ತಿದ್ದೆ. ನನ್ನ ಚೀಲದಲ್ಲಿ ಲೈನ್ ಪರೀಕ್ಷೆಗೆ ಬಳಸುವ ಎರಡು ಹಳೆಯ ಕಪ್ಪು ರಿಸೀವರುಗಳಿದ್ದವು, ಒಂದು ತಂತಿ, ಒಂದು ಬ್ಯಾಟರಿ. ಯಾವಾಗ ತೆಗೆದಳೋ, ತಿರುಗಿ ನೋಡುತ್ತೇನೆ, ಅಕ್ಕ ಒಂದು ರಿಸೀವರನ್ನು ಕಿವಿಗೆ ಒತ್ತಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾಳೆ. ಎರಡು ವರ್ಷದಲ್ಲಿ ಅವಳ ಬೆನ್ನು ಹಾಗೆ ನೆಟ್ಟಗಾದದ್ದನ್ನು ನಾನು ಕಂಡಿರಲಿಲ್ಲ.

“ಎಕ್ಸ್‌ಚೇಂಜ್. ನಂಬರ್ ಹೇಳಿ.”

ನಾನು ಇನ್ನೊಂದು ರಿಸೀವರ್ ಹಿಡಿದು ಪಡಸಾಲೆಗೆ ಓಡಿ, ಬ್ಯಾಟರಿ ಸಿಕ್ಕಿಸಿ, “ಅಕ್ಕಾ, ನಾನು ಯಾರು ಹೇಳು” ಎಂದೆ. ಹೌದು, ಮತ್ತೆ ಅದನ್ನೇ ಕೇಳಿದೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

“ರಾಂಗ್ ನಂಬರ್” ಎಂದಳು ಅಕ್ಕ, ರಿಸೀವರ್ ಮಡಿಲಲ್ಲಿಟ್ಟಳು.

ಆಗ ಗೋಡೆ ಹಿಡಿದುಕೊಂಡು ಆ ದಾರಿಯಾಗಿ ಬಂದ ದ್ಯಾಮಪ್ಪನವರು ನನ್ನ ಕೈಯಿಂದ ರಿಸೀವರ್ ಕಿತ್ತುಕೊಂಡರು. ಬಸ್ ಡಿಪೋಗೆ ಕೊಡಿ, ಎಂಟೂಕಾಲರ ಗಾಡಿ ಇನ್ನೂ ಬಂದಿಲ್ಲ, ಜನ ಕಲ್ಲು ಹೊಡೆಯುತ್ತಾರೆ ಎಂದು ಗದರಿದರು. ಅಕ್ಕ ರಿಸೀವರ್ ಎತ್ತಿ, ಡಿಪೋ ಲೈನ್ ಎಂಗೇಜ್ ಇದೆ, ಸ್ವಲ್ಪ ಕಾಯಿರಿ ಎಂದಳು. ಎಷ್ಟು ಹೊತ್ತು ಎಂದರು ಇವರು. ಎಷ್ಟು ಜನ ನಿಂತಿದ್ದಾರೆ ಎಂದಳು ಅವಳು. ಬಸುರಿ ಹೆಂಗಸೊಬ್ಬಳು ನಿಂತಿದ್ದಾಳೆ ಎಂದು ದ್ಯಾಮಪ್ಪನವರು. ಹಾಗಾದರೆ ಅವಳನ್ನು ಕೂರಿಸಿ, ನೀರು ಕೊಡಿ ಎಂದು ಅಕ್ಕ. ಒಂದು ಗಂಟೆಯಾದರೂ ಆ ಗಾಡಿ ಬರಲಿಲ್ಲ, ಡಿಪೋ ಸಿಗಲಿಲ್ಲ, ಇವರ ಮಾತೂ ಮುಗಿಯಲಿಲ್ಲ. ಎರಡು ವರ್ಷ ಊಟದ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತು ಒಮ್ಮೆಯೂ ಬಾಯಿ ಬಿಡದ ಇಬ್ಬರು ಇವರು. ಸೆವ್ರಿನ್ ಬಾಯಿ ಪಟ್ಟಿ ತಂದು ಇಬ್ಬರನ್ನೂ ಅಳೆದರು. ಇಬ್ಬರೂ ಎರಡೆರಡು ಬೆರಳು ಇಳಿದಿದ್ದರು. ನಾವಿಬ್ಬರೂ ಹಳೆಯ ಜಗಳ ಮರೆತು ಒಬ್ಬರ ಕೈ ಒಬ್ಬರು ಹಿಡಿದುಕೊಂಡೆವು.

ಅವತ್ತೇ ನಾನು ಮುಚ್ಚಿದ ಎಕ್ಸ್‌ಚೇಂಜಿನ ಬೀಗ ತೆಗೆಸಿದೆ. ಗುಜರಿಗೂ ಹೋಗದೆ ಬಿದ್ದಿದ್ದ ಹನ್ನೊಂದು ಕಪ್ಪು ಫೋನುಗಳು ಸಿಕ್ಕವು. ಗೋಣಿಚೀಲದ ಕೆಳಗೆ ಅಕ್ಕನ ಬೋರ್ಡೂ ಇತ್ತು. ಸಾಲುಸಾಲು ತೂತುಗಳು, ಪ್ರತಿ ತೂತಿನ ಮೇಲೆ ಒಂದು ಪುಟ್ಟ ದೀಪ, ಕೆಳಗೆ ಹಗ್ಗದಂಥ ವೈರುಗಳು. ಫೋನೆತ್ತಿದವರ ದೀಪ ಹತ್ತಿಕೊಳ್ಳುತ್ತದೆ. ಆಪರೇಟರ್ ಅವರ ತೂತಿಗೆ ವೈರ್ ಚುಚ್ಚಿ ಯಾರು ಬೇಕೆಂದು ಕೇಳಿ, ವೈರಿನ ಜೋಡಿಯನ್ನು ಬೇಕಾದವರ ತೂತಿಗೆ ಚುಚ್ಚುತ್ತಾಳೆ. ನಂಬರ್ ತಿರುಗಿಸುವ ಗೋಜಿಲ್ಲ, ನೆನಪಿಡುವ ಗೋಜಿಲ್ಲ. ಎತ್ತಿದರೆ ಸಾಕು, ಆ ಕಡೆ ಒಬ್ಬರು ಇರುತ್ತಾರೆ. ಇದನ್ನು ಯಾರು ಕಂಡುಹಿಡಿದರೋ, ಅವರ ಹೊಟ್ಟೆ ತಣ್ಣಗಿರಲಿ. ಊರಿಗೆ ಊರೇ ನನ್ನ ಜೊತೆ ನಿಂತಿತು. ಬಸ್ ಡಿಪೋದವರು ಬ್ಯಾಟರಿ ತಂದರು, ಬೋರ್ಡು ಹೊರಲು ಬ್ಯಾಂಡಿನವರು ಬಂದರು, ಬಂದವರು ಬಾರಿಸದೆ ಹೋಗಲಿಲ್ಲ. ಶನಿವಾರ, ಭಾನುವಾರ ನಾನು ಏಣಿಯ ಮೇಲೆಯೇ ಇದ್ದೆ. ಹತ್ತು ಜನರ ಮಂಚದ ಬಳಿ ಹತ್ತು ಫೋನು, ಸೆವ್ರಿನ್ ಬಾಯಿಯ ಮೇಜಿಗೆ ಒಂದು, ನಡುಮನೆಯಲ್ಲಿ ಬೋರ್ಡು, ಬೋರ್ಡಿನ ಮುಂದೆ ಅಕ್ಕ.

ಸೋಮವಾರ ಬೆಳಿಗ್ಗೆ ಮೊದಲ ದೀಪ ಹತ್ತಿತು. ಅಕ್ಕನ ಕೈಗೆ ಏನೂ ಮರೆತಿರಲಿಲ್ಲ. ವೈರ್ ತೆಗೆದಳು, ಚುಚ್ಚಿದಳು, ನಂಬರ್ ಹೇಳಿ ಎಂದಳು. ಜೈಬೂಬಿಗೆ ತನ್ನ ತವರುಮನೆ ಬೇಕಿತ್ತು. ತೀರಿಹೋದ ಅಣ್ಣನನ್ನು ಕೊಡಿ ಎಂದಿತು ಆ ಜೀವ. ಅಕ್ಕ ಒಂದು ಕ್ಷಣವೂ ಯೋಚಿಸದೆ ದ್ಯಾಮಪ್ಪನವರಿಗೆ ಜೋಡಿಸಿದಳು. ದ್ಯಾಮಪ್ಪನವರು ಹೇಳಮ್ಮಾ ಎಂದರು. ಅಜ್ಜಿ ಹೇಳಿದ್ದೇ ಹೇಳಿದ್ದು. ಮತ್ತೊಬ್ಬರು ಹಿಟ್ಟಿನ ಗಿರಣಿ ಕೇಳಿದರು, ಅವರಿಗೆ ಜೈಬೂಬಿ ಸಿಕ್ಕರು. ಜೋಳ ತಂದಿದ್ದೀರೋ ಗೋಧಿಯೋ ಎಂದು ಅಜ್ಜಿ ವಿಚಾರಿಸಿಕೊಂಡರು. ದಿನವಿಡೀ ಒಂದೇ ಒಂದು ಸರಿಯಾದ ನಂಬರ್ ಯಾರಿಗೂ ಸಿಗಲಿಲ್ಲ, ಯಾರೂ ದೂರಲೂ ಇಲ್ಲ. ಇಡೀ ಮನೆ ಹಳೆಯ ಸಂತೆಯ ಹಾಗೆ ಗಿಜಿಗುಟ್ಟುತ್ತಿತ್ತು. ನಾನು ಪಡಸಾಲೆಯಲ್ಲಿ ಆ ಕಡೆಯಿಂದ ಈ ಕಡೆ ಓಡುತ್ತಿದ್ದೆ, ನಗುತ್ತಿದ್ದೆ, ಸಿಕ್ಕವರನ್ನೆಲ್ಲ ತಬ್ಬಿಕೊಳ್ಳುತ್ತಿದ್ದೆ. ಅಷ್ಟು ಖುಷಿ ನನಗೆ ಯಾವ ಕಂಬದ ತುದಿಯಲ್ಲಿಯೂ ಸಿಕ್ಕಿರಲಿಲ್ಲ.

ಬುಧವಾರ ಸಂಜೆ ಸೆವ್ರಿನ್ ಬಾಯಿಯೂ ನಾನೂ ನಾವೇ ಪಟ್ಟಿ ಹಿಡಿದು ಎಲ್ಲರನ್ನೂ ಅಳೆಯುತ್ತ ಹೋದೆವು. ದ್ಯಾಮಪ್ಪನವರು ನೆಲಕ್ಕೆ ಎರಡು ಬೆರಳು. ಜೈಬೂಬಿ ಒಂದು. ಉಳಿದವರು ಕೂಡ ಅರ್ಧಕ್ಕೆ ಇಳಿದಿದ್ದರು. ಕೊನೆಗೆ ಅಕ್ಕನ ಕುರ್ಚಿಯ ಪಟ್ಟಿ ಬಿಚ್ಚಿ ಅವಳನ್ನು ನಿಲ್ಲಿಸಿ, ನಗುನಗುತ್ತ ಬಿದಿರು ಹಿಡಿದೆ.

ಇಪ್ಪತ್ತಮೂರು.

ತಪ್ಪು ಹಿಡಿದೆನೆಂದು ಮತ್ತೆ ಹಿಡಿದೆ. ಇಪ್ಪತ್ತಮೂರೇ. ದೀಪದ ಬುಡದಲ್ಲಿ ಕತ್ತಲೆ ಎಂಬುದನ್ನು ನಾನು ಎಷ್ಟು ಸಲ ಬೇರೆಯವರಿಗೆ ಹೇಳಿ ನಕ್ಕಿದ್ದೆನೋ. ಶುಕ್ರವಾರ ಬೋರ್ಡು ಇಲ್ಲದಾಗ ಅವಳು ದ್ಯಾಮಪ್ಪನವರ ಜೊತೆ ಮಾತಾಡುತ್ತಲೇ ಇರಬೇಕಾಗಿ ಬಂದಿತ್ತು. ಈಗ ಬೋರ್ಡು ಸಿಕ್ಕಿತ್ತು. ಅವಳು ನಿಯಮದಂತೆ ನಂಬರ್ ಕೇಳಿ, ಜೋಡಿಸಿ, ಕಿವಿ ತೆಗೆದುಬಿಡುತ್ತಿದ್ದಳು. ಮೂರು ದಿನದಲ್ಲಿ ಮನೆಯನ್ನೆಲ್ಲ ನೆಲಕ್ಕೆ ತಂದವಳ ಹತ್ತಿರ ಒಬ್ಬರೂ ಮಾತಾಡಿರಲಿಲ್ಲ. ಅವಳನ್ನು ಮಾತಿಲ್ಲದ ಜಾಗದಲ್ಲಿ ಕೂರಿಸಿದವಳು ನಾನೇ, ಅದೂ ಬ್ಯಾಂಡ್ ಬಾರಿಸಿಕೊಂಡು ಬಂದು.

ಅವಳನ್ನು ಬೋರ್ಡಿನಿಂದ ಎಬ್ಬಿಸಲು ನೋಡಿದೆವು. ಡ್ಯೂಟಿ ಬಿಟ್ಟು ಏಳುವಂತಿಲ್ಲ ಎಂದು ವೈರುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಣ್ಣಲ್ಲಿ ನೀರು ಬಂತು. ಬಿಟ್ಟೆವು. ಸೆವ್ರಿನ್ ಬಾಯಿ ತಮ್ಮ ಮೇಜಿನ ಫೋನಿನಿಂದ ಕುಶಲ ಕೇಳಿದರು. ಆಪರೇಟರ್ ಜೊತೆ ಖಾಸಗಿ ಮಾತು ನಿಷಿದ್ಧ ಎಂದು ಉತ್ತರ ಬಂತು. ನಾನೂ ಫೋನು ಮಾಡಿದೆ. ನಂಬರ್ ಹೇಳಿ, ಇಲ್ಲದಿದ್ದರೆ ಇಡಿ ಎಂದಳು. ಗುರುವಾರ ಬೆಳಿಗ್ಗೆ ಅವಳ ಹಿಮ್ಮಡಿಯ ಕೆಳಗೆ ಮೊಳದ ಪಟ್ಟಿ ನೆಟ್ಟಗೆ ನಿಲ್ಲಲು ಒಂದು ಕೂದಲೆಳೆಯಷ್ಟು ಮಾತ್ರ ಕಡಿಮೆಯಿತ್ತು. ಸಂಜೆ ನಾಲ್ಕೂವರೆಗೆ ಪುಟ್ಟಹೊನ್ನಯ್ಯ ಬರುತ್ತಾನೆ, ಅವನ ಚೀಲದಲ್ಲಿ ಅವಳ ಅಳತೆಯ ಜೋಡಿದೆ. ಮಧ್ಯಾಹ್ನವೆಲ್ಲ ನಾನು ಸೆವ್ರಿನ್ ಬಾಯಿಯ ಕೋಣೆಯಲ್ಲಿ ಕೂತು ಬಾಗಿಲಿನಿಂದ ಅಕ್ಕನ ಬೆನ್ನನ್ನೂ ಕುರ್ಚಿಯ ಕೆಳಗೆ ತೂಗಾಡುವ ಅವಳ ಚಪ್ಪಲಿಗಳನ್ನೂ ನೋಡುತ್ತಿದ್ದೆ. ಬಿಚ್ಚಿ ಸರಿಮಾಡಲು ಇನ್ನು ಏನೂ ಉಳಿದಿರಲಿಲ್ಲ.

ಮೂರೂವರೆಗೆ, ಬೇರೇನೂ ತೋಚದೆ, ಫೋನೆತ್ತಿದೆ. ಹಿಂದೆ ಊರಿನವರೆಲ್ಲ ಎಕ್ಸ್‌ಚೇಂಜಿಗೆ ಫೋನು ಮಾಡಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದುದು ನೆನಪಾಯಿತು. ಗಂಟೆ ಎಷ್ಟು ಎಂದು ಕೇಳಿದೆ. ಅಷ್ಟಕ್ಕೆ ನಿಯಮ ಅಡ್ಡ ಬರುತ್ತಿರಲಿಲ್ಲ. ಅಕ್ಕ ಗೋಡೆಯ ಗಡಿಯಾರ ನೋಡಿದಳು.

“ಮೂರೂವರೆ. ಬೇಗ ಫೋನ್ ಇಡಿ. ನಾಲ್ಕಕ್ಕೆ ಲೈನ್ ಖಾಲಿ ಇರ್ಬೇಕು.”

“ಯಾಕಮ್ಮಾ?” ಎಂದೆ, ಯಾರೋ ಬೇರೆಯವಳ ಹಾಗೆ.

“ನನ್ನ ತಂಗಿ ಫೋನ್ ಮಾಡ್ತಾಳೆ. ಸ್ಕೂಲು ಬಿಡೋದು ನಾಲ್ಕಕ್ಕೆ. ಅವಳು ಮಾತಾಡಿಸ್ದೆ ಹೋದ್ರೆ ನಾನು ಮನೆಗೆ ನಡ್ಕೊಂಡು ಹೋಗೋಕಾಗಲ್ಲ.” ಆಮೇಲೆ ದನಿ ತಗ್ಗಿಸಿ, “ಈಚೆಗೆ ಮಾಡ್ತಾ ಇಲ್ಲ” ಎಂದಳು.

ನಾನು ರಿಸೀವರ್ ಇಟ್ಟೆ. ಗೂಟದಲ್ಲಿ ಧೂಳು ತಿನ್ನುತ್ತಿದ್ದ ಸೀಸದ ಪಟ್ಟಿ ಕಣ್ಣಿಗೆ ಕಟ್ಟಿತು. ಅಂಚೆ ಕಚೇರಿಯ ಸ್ಟೂಲಿನ ಮೇಲೆ ನಿಂತು ಮೂಗು ಒರೆಸಿಕೊಳ್ಳುತ್ತ ನಾನು ಹೇಳಿದ ಸುದ್ದಿಗಳನ್ನು ಕಾಲಿಗೆ ಕಟ್ಟಿಕೊಂಡು ಅವಳು ಮನೆಗೆ ನಡೆದು ಬರುತ್ತಿದ್ದಳು. ನಾನೋ, ಅವಳೇ ನನಗೆ ಉಪಕಾರ ಮಾಡುತ್ತಿದ್ದಾಳೆಂದುಕೊಂಡಿದ್ದೆ. ಈ ಎರಡು ವರ್ಷವೂ ದಿನಾ ನಾಲ್ಕು ಗಂಟೆಗೆ ಸರಿಯಾಗಿ ಅವಳ ಮುಂದೆ ಕೂತು, ಫೋನಿಗಾಗಿ ಕಾಯುತ್ತಿದ್ದವಳ ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿದ್ದೆ. ಅವಳು ನನ್ನ ಹೆಗಲಾಚೆ ನೋಡುತ್ತಿದ್ದುದು ಗೋಡೆಯ ಗಡಿಯಾರವನ್ನು ಎಂದು ಈಗ ತಿಳಿಯಿತು. ಸೆವ್ರಿನ್ ಬಾಯಿಯ ಮೇಜಿಗೆ ತಲೆ ಕೊಟ್ಟು ಚೆನ್ನಾಗಿ ಅತ್ತೆ. ಅವರು ಏನೂ ಕೇಳಲಿಲ್ಲ, ಗಡಿಯಾರವನ್ನು ನನ್ನ ಕಡೆ ತಿರುಗಿಸಿಟ್ಟರು.

ಆ ಅರ್ಧ ಗಂಟೆ ಹೇಗೆ ಕಳೆಯಿತೋ. ಮುಳ್ಳು ನಾಲ್ಕಕ್ಕೆ ಬಂತು. ಫೋನೆತ್ತಿದೆ. ಬೋರ್ಡಿನ ಮೇಲೆ ನನ್ನ ದೀಪ ಹತ್ತಿದ್ದು ಕಂಡಿತು.

“ಎಕ್ಸ್‌ಚೇಂಜ್. ನಂಬರ್ ಹೇಳಿ.”

“ನಂಬರ್ ಬೇಡ. ಸುದ್ದಿ ಇದೆ.”

ಚಿಕ್ಕಂದಿನಲ್ಲಿ ದಿನಾ ಹೀಗೆಯೇ ಹೇಳುತ್ತಿದ್ದೆ. ನನ್ನ ದನಿಗೆ ಐವತ್ತೆರಡು ವರ್ಷವಾಗಿತ್ತು, ಅಳುವಿನಿಂದ ಒಡೆದೂ ಇತ್ತು. ಬಾಗಿಲಿನಿಂದ ಅವಳ ಬೆನ್ನು ಮಾತ್ರ ಕಾಣುತ್ತಿತ್ತು, ಅದು ಅಲುಗಲಿಲ್ಲ.

“ಯಾಕೇ ಮಾಲಿ, ಇಷ್ಟು ತಡ?”

ಗಡಿಯಾರದಲ್ಲಿ ನಾಲ್ಕು ಹೊಡೆದು ಒಂದು ನಿಮಿಷವೂ ಆಗಿರಲಿಲ್ಲ. ಆದರೆ ಅವಳು ಹೇಳಿದ್ದೇ ಸರಿ. ದಾರಿಯಲ್ಲಿ ಸಿಕ್ಕಿಹಾಕಿಕೊಂಡೆ ಅಕ್ಕ ಎಂದೆ. ಸರಿ ಹೇಳು, ಬೇಗ ಎಂದಳು. ನಾನು ಸುದ್ದಿಗೆ ಹೊರಟೆ. ಪೆಟ್ಟಿಗೆಯೊಂದು ಒಂದು ಲೋಟ ಮಜ್ಜಿಗೆ ಕುಡಿದು ಸತ್ತದ್ದನ್ನು ಹೇಳಿದೆ. ಕಿಸಕ್ಕನೆ ನಕ್ಕಳು. ಅಧ್ಯಕ್ಷರ ಭಾಷಣ ಹೇಳಿದೆ, ಬ್ಯಾಂಡಿನವರು ಬೋರ್ಡು ಹೊತ್ತು ಊರು ಸುತ್ತಿದ್ದನ್ನು ಹೇಳಿದೆ, ಗೋಡೆಯ ಮೇಲಿನ ಗಾದೆಗೆ ಸುಣ್ಣ ಬಳಿದದ್ದನ್ನು ನಿನ್ನೆ ನಡೆದಂತೆ ಹೇಳಿದೆ. ಅವಳು ನಡುನಡುವೆ ಕೇಳುತ್ತಿದ್ದಳು, ಆಮೇಲೇನಾಯ್ತು, ಅವನೇನಂದ, ನೀನೇನಂದೆ. ನಾನು ಮಾತಾಡುತ್ತ ಅವಳ ಚಪ್ಪಲಿಗಳ ಮೇಲೆಯೇ ಕಣ್ಣಿಟ್ಟಿದ್ದೆ. ಅವು ಇಳಿಯುತ್ತಿದ್ದವು. ಬಾವಿಗೆ ಬಿಟ್ಟ ಕೊಡದ ಹಾಗೆ ಒಂದೇ ಸಮನೆ ಇಳಿಯುತ್ತಿದ್ದವು. ಮೊದಲು ಎಡಗಾಲು ನೆಲ ಮುಟ್ಟಿತು, ಆಮೇಲೆ ಬಲಗಾಲು. ಸೆವ್ರಿನ್ ಬಾಯಿ ಶಿಲುಬೆ ಗುರುತು ಹಾಕಿಕೊಂಡರು.

ನಾಲ್ಕೂವರೆಗೆ ಪುಟ್ಟಹೊನ್ನಯ್ಯ ಚೀಲ ಝಣಗುಟ್ಟಿಸುತ್ತ ಬಂದ. ಅಕ್ಕನನ್ನು ಏಳಿಸಲು ನೋಡಿದ. ಅವಳು ರಿಸೀವರ್ ಬಿಡದೆಯೇ ಎದ್ದು ನಿಂತಳು. ಅವನು ಮಂಡಿಯೂರಿ ಅವಳ ಹಿಮ್ಮಡಿಯ ಕೆಳಗೆ ಪಟ್ಟಿ 	ತೂರಿಸಲು ನೋಡಿದ, ತೂರಲಿಲ್ಲ. ಒಂದು ಕಾಗದ ಕೇಳಿದ, ಅದೂ ತೂರಲಿಲ್ಲ. ಇವನು ಯಾರೇ ಮಾಲಿ, ಸುಮ್ಮನೆ ನನ್ನ ಕಾಲಿಗೆ ಬೀಳುತ್ತಿದ್ದಾನೆ ಎಂದು ಅಕ್ಕ ಫೋನಿನಲ್ಲಿ ನನಗೆ ದೂರಿದಳು. ಬಿದ್ದರೆ ಬೀಳಲಿ ಬಿಡು ಎಂದೆ. ಅವನು ಪುಸ್ತಕದಲ್ಲಿ ಸೊನ್ನೆ ಬರೆದು, ಬೋರ್ಡನ್ನೂ ಅಕ್ಕನನ್ನೂ ಒಮ್ಮೆ ನೋಡಿ, ಚೀಲ ಹೊತ್ತುಕೊಂಡು ಹೋದ. ನನಗೆ ಕುಣಿಯಬೇಕೆನಿಸಿತು, ಫೋನಿನ ತಂತಿ ಗಿಡ್ಡ, ಕೂತಲ್ಲೇ ಕಾಲು ಕುಣಿಸಿದೆ.

“ಮಾಲಿ, ಕೇಳಿಲ್ಲಿ” ಎಂದಳು ಅಕ್ಕ, ಕುರ್ಚಿಯಲ್ಲಿ ಹಿಂದಕ್ಕೊರಗಿ. “ನಂದೂ ಒಂದು ಸುದ್ದಿ ಇದೆ. ಇಲ್ಲೊಬ್ಬಳು ಹೆಂಗಸು ದಿನಾ ನಾಲ್ಕು ಗಂಟೆಗೆ ಬರ್ತಾಳೆ. ನನ್ನ ಮುಂದೆ ಕೂತ್ಕೊಂಡು, ನಾನು ಯಾರು ಹೇಳು, ನಾನು ಯಾರು ಹೇಳು ಅಂತಾಳೆ. ಪಾಪ, ಅವಳಿಗೆ ತಾನು ಯಾರೂಂತ್ಲೇ ಮರೆತುಹೋಗಿದೆ ಕಣೇ.”

ನಾನು ರಿಸೀವರನ್ನು ಇನ್ನೊಂದು ಕಿವಿಗೆ ಹಿಡಿದು, “ಅವಳು ಮತ್ತೆ ಬಂದ್ರೆ ಏನ್ಮಾಡ್ತೀಯಕ್ಕ?” ಎಂದೆ.

“ಅವಳು ಯಾರೋ ನಂಗೇನು ಗೊತ್ತು. ಕಾಫಿ ಕೊಟ್ಟು ಕೂರಿಸ್ಕೋತೀನಿ. ಯಾರೂ ಮಾತಾಡ್ಸಲ್ಲ ಅಂತ ಕಾಣತ್ತೆ ಅವಳನ್ನ.” ಒಂದು ದೀಪ ಹತ್ತಿತು, ಅಕ್ಕ ಅದನ್ನು ನೋಡಿ, ಜೈಬೂಬಿಯನ್ನು ಯಾರಿಗೋ ಜೋಡಿಸಿ, ಮತ್ತೆ ನನ್ನ ಲೈನಿಗೆ ಬಂದಳು. “ನೀನು ಹೇಳು. ಆಮೇಲೇನಾಯ್ತು?”